ನಾನು ಆಯುಷ್ಯ ಬೇಡಿದವರು

ದೇವರ ಹತ್ತಿರ ನನಗಾಗಿ ಏನೂ ಕೇಳಿದವಳಲ್ಲ ನಾನು. ಗಂಡ ದಾಲ್ ಮಿಲ್ಲಿನಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರೆ. ನಳಕ್ಕೆ ತಡವಾಗಿಯಾದರೂ ನೀರು ಬರುತ್ತದೆ. ಅತ್ತೆ ಎಷ್ಟೇ ಬೈದರೂ ಸಿಟ್ಟಿನಲ್ಲಿ ಊಟ ಬಿಡುವುದಿಲ್ಲ. ಇಷ್ಟು ಕೊಟ್ಟಿದ್ದಾನಲ್ಲ ಶಿವ, ಸಾಕು ಎಂದುಕೊಂಡು ಉಳಿದ ಬೇಡಿಕೆಗಳನ್ನೆಲ್ಲ ಪರರಿಗಾಗಿ ಇಟ್ಟಿದ್ದೆ. ಇನ್ನೊಬ್ಬರಿಗೆ ಆಯುಷ್ಯ ಬೇಡುವುದರಲ್ಲಿ ಯಾರಿಗೆ ಏನು ಕೇಡು? ಹಾಗೆಂದು ತಿಳಿದಿದ್ದೆ ಪಾಪ, ನಾನು!

ಆಳಂದದ ನಮ್ಮ ಓಣಿಯಲ್ಲಿ ಒಂದು ಈಶ್ವರನ ಗುಡಿ ಇದೆ. ಸೋಮವಾರ ಅಲ್ಲಿ ಯಾರ ಹೆಸರಿಗೆ ಅಭಿಷೇಕ ಮಾಡಿಸಿದರೂ ಪೂಜಾರಿ ಸ್ವಾಮಿಗಳು ಆ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಗುಡಿಯ ಮೇಲೆ ನಾಲ್ಕೂ ದಿಕ್ಕಿಗೆ ಲೌಡ್‌ಸ್ಪೀಕರಿನ ಭೋಂಗಾ ಕಟ್ಟಿಸಿದ್ದಾರೆ. ದೇವರಿಗೆ ಕೇಳಿಸುತ್ತದೋ ಇಲ್ಲವೋ, ಬಸ್‌ಸ್ಟ್ಯಾಂಡಿನವರೆಗೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.

ಒಂದು ದಿನ ಟಿವಿಯಲ್ಲಿ, ತಾಯಿಯ ಪಾತ್ರ ಮಾಡಿ ಮಾಡಿ ನಮ್ಮನ್ನೆಲ್ಲ ಅಳಿಸಿದ ಹಿರಿಯ ನಟಿಯೊಬ್ಬರನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. ಸೋಮವಾರ ಅವರ ಹೆಸರಿಗೆ ಅಭಿಷೇಕ ಮಾಡಿಸಿದೆ. “ಹಿರಿಯ ಕಲಾವಿದೆಯವರ ದೀರ್ಘಾಯುಷ್ಯಕ್ಕಾಗಿ ಕಸ್ತೂರಿಬಾಯಿಯವರ ಸೇವಾ!” ಎಂದು ಸ್ವಾಮಿಗಳು ಕೂಗಿದರು. ನನಗೂ ಸ್ವಲ್ಪ ಹೆಮ್ಮೆಯೇ ಆಯಿತು.

ಬುಧವಾರ ಅವರು ಹೋದರು.

ವಯಸ್ಸಾಗಿತ್ತು, ಬಿಡಿ. ಮುಂದಿನ ವಾರ ಹಾಸಿಗೆ ಹಿಡಿದಿದ್ದ ಒಬ್ಬ ಮಾಜಿ ಮಂತ್ರಿಗಳಿಗೆ ಬೇಡಿಕೊಂಡೆ. ಒಳ್ಳೆಯ ಮನುಷ್ಯರು. ನಾನು ತೀರ್ಥ ಕುಡಿದು ಮನೆಗೆ ಬಂದು ಟಿವಿ ಹಚ್ಚುವಷ್ಟರಲ್ಲಿ ಅವರ ಫೋಟೋಕ್ಕೆ ಹಾರ ಹಾಕಿದ್ದರು! ಆಮೇಲೆ ಒಬ್ಬ ಗಾಯಕರು. ಅವರು ಎರಡು ದಿನ ತಡೆದರು, ಅಷ್ಟೇ.

ಪಕ್ಕದ ಮನೆಯ ಶಾಹೀನ್ ಆಪಾ ಒಂದು ಮುಂಜಾನೆ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ.

“ಕಸ್ತೂರಿ ಅಕ್ಕಾ, ಒಂದು ಮಾತ ಹೇಳ್ಲೇನ್ರಿ? ಗುಸ್ಸಾ ಆಗಬ್ಯಾಡ್ರಿ.”

“ಹೇಳ್ರಿ ಆಪಾ.”

“ನಮ್ಮ ಅಬ್ಬಾಗ ಕೆಮ್ಮ ಭಾಳ ಆಗ್ಯಾದ.”

“ಅಯ್ಯೋ ಶಿವನ! ಫಿಕರ್ ಮಾಡಬ್ಯಾಡ್ರಿ, ನಾ ಈ ಸೋಮವಾರನ...”

“ಅದಕ್ಕ ಬಂದೇನ್ರಿ!” ಎಂದು ಆಪಾ ಎರಡೂ ಕೈ ಅಡ್ಡ ಹಿಡಿದರು. “ನೀವು ದುವಾ ಮಾಡಬ್ಯಾಡ್ರಿ. ಡಾಕ್ಟರ್ ನೋಡ್ಕೋತಾರ.”

ಅಂದಿನಿಂದ ನನ್ನ ಕಣ್ಣಿಗೆ ಎಲ್ಲವೂ ಕಾಣತೊಡಗಿತು. ನಾನು ಹಾದುಹೋಗುವಾಗ ಕಟ್ಟೆಯ ಮೇಲಿನ ಮುದುಕರು ಕೆಮ್ಮು ತಡೆದು ಹಿಡಿಯುತ್ತಿದ್ದರು. ಕೋಲು ಹಿಡಿದವರು ಅದನ್ನು ಬೆನ್ನ ಹಿಂದೆ ಮರೆಮಾಡಿ ನೆಟ್ಟಗೆ ನಿಲ್ಲುತ್ತಿದ್ದರು. “ಕಾಕಾ, ಆರಾಮ ಅದೀರೇನ್ರಿ?” ಎಂದರೆ, “ಭಾಳ ಆರಾಮ ಅದೇನವ್ವ, ನನ್ನ ಸುದ್ದಿ ಬಿಡು!” ಎನ್ನುತ್ತಿದ್ದರು. ಗುಡಿಯ ಎದುರಿನ ಚಾ ಹೋಟೆಲಿನಲ್ಲಿ ಸೋಮವಾರ ಕೂಡಲು ಜಾಗ ಸಿಗುತ್ತಿರಲಿಲ್ಲ. ಈ ವಾರ ಯಾರು ಎಂದು ಕೇಳಲು ಗಂಡಸರು ಭೋಂಗಾದತ್ತ ಬಾಯಿ ತೆರೆದು ಕೂಡುತ್ತಿದ್ದರು!

ಇದಕ್ಕೊಂದು ಪರಿಹಾರ ಕಂಡುಹಿಡಿಯಲೇಬೇಕಾಯಿತು. ಬಹಳ ವಿಚಾರ ಮಾಡಿ ನಿರ್ಧರಿಸಿದೆ: ಸದ್ಯಕ್ಕೆ ಸಾಯುವ ಸಂಭವವೇ ಇಲ್ಲದವರನ್ನು ಹುಡುಕಿ ಅವರಿಗೆ ಮಾತ್ರ ಬೇಡಿಕೊಳ್ಳುವುದು. ಅವರು ಬದುಕಿ ಉಳಿದರೆ ನನ್ನ ಮೇಲಿನ ಕಳಂಕವೂ ಹೋಗುತ್ತದೆ. ಆದರೆ ಸಾಯದವರು ಯಾರೆಂದು ಗೊತ್ತಾಗಬೇಕಾದರೆ ಸಾಯುವವರು ಯಾರೆಂದು ಮೊದಲು ಗೊತ್ತಾಗಬೇಕಲ್ಲ! ದೇವರ ಕೋಣೆ ಬಿಟ್ಟು ಟಿವಿಯ ಮುಂದೆ ಕುಳಿತೆ. ಸಮಾರಂಭದಲ್ಲಿ ಯಾರನ್ನು ಇಬ್ಬರು ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಾರೆ, ಶಾಲು ಹೊದಿಸಿದರೆ ಯಾರು ಅದರ ಭಾರಕ್ಕೇ ಬಾಗುತ್ತಾರೆ, ಎಲ್ಲ ನೋಡಿದೆ. ಯಾರಿಗಾದರೂ ಜೀವಮಾನದ ಸಾಧನೆಗೆಂದು ದೊಡ್ಡ ಪ್ರಶಸ್ತಿ ಕೊಟ್ಟರೋ, ಅವರ ಆಸೆ ಬಿಟ್ಟೆ.

“ಏನ್ ನೋಡಾಕತ್ತಿ ಅಷ್ಟ ಕಣ್ಣ ಕಿಸಿದು?” ಎಂದರು ಮನೆಯವರು.

“ಹಿರ್ಯಾರಾಗ ಯಾರ ಗಟ್ಟಿ ಅದಾರ ನೋಡಾಕತ್ತೇನ್ರಿ.”

“ಉಳದವರು?”

“ಉಳದವರು ಭಾಳ ದಿನ ಇರಂಗಿಲ್ಲ. ಅವರನ್ನ ಬಿಟ್ಟೇನಿ.”

ಅವರು ತಟ್ಟೆ ಕೆಳಗಿಟ್ಟರು. “ಲೇ, ನೀ ದೇವರ ಕೆಲಸ ಬಿಟ್ಟು ಯಮನ ಕೆಲಸಕ್ಕ ಹತ್ತೀಯಲ್ಲ!”

ನಾನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಹಳೆಯ ಹೀರೋ ಒಬ್ಬರು ಸಿಕ್ಕಿದ್ದರು. ಮೀಸೆಗೆ ಬಣ್ಣ ಹಚ್ಚಿಕೊಂಡು, ಬರೀ ಬನಿಯನ್ನಿನಲ್ಲಿ ನಿಂತು, ಟಿವಿಯಲ್ಲೇ ದಂಡ, ಬೈಠಕ್ ಹೊಡೆದು ತೋರಿಸಿದರು. ಎದೆಯೆಂದರೆ ಕೋಟೆಯ ಬಾಗಿಲು! ಇವರಿಗೆ ಏನಾದೀತು ಎಂದು ಧೈರ್ಯವಾಗಿ ಅಭಿಷೇಕ ಮಾಡಿಸಿದೆ.

ದಂಡ ಹೊಡೆಯುತ್ತಲೇ ಹೋದರಂತೆ.

ಇನ್ನು ದೂರದವರ ಸಹವಾಸ ಬೇಡ, ನಮ್ಮ ಸೀಮೆಯವರೇ ಇರಲಿ ಎಂದು ಅತನೂರಿನ ಶರಣಪ್ಪ ಮಾಸ್ತರನ್ನು ಆರಿಸಿದೆ. ಒಂದು ಕಾಲಕ್ಕೆ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿ ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲೆಲ್ಲ ಹೆಸರಾದವರು. ತೊಂಬತ್ತರ ಹತ್ತಿರ ಬಂದರೂ ಅವರು ಗಂಟಲು ಸರಿಮಾಡಿಕೊಂಡರೆ ಕಟ್ಟಿದ ಎತ್ತುಗಳು ಎದ್ದು ನಿಲ್ಲುತ್ತವೆ. ಸ್ವಾಮಿಗಳು ಮೈಕಿನಲ್ಲಿ ಅವರ ಹೆಸರು ಕೂಗಿದರು. ಬಸ್‌ಸ್ಟ್ಯಾಂಡಿನಲ್ಲಿದ್ದ ಅತನೂರಿನವರು ಯಾರೋ ಕೇಳಿಸಿಕೊಂಡರು. ಫೋನು ಹೋಯಿತು.

ಮರುದಿನ ನಮ್ಮ ಮನೆಯ ಮುಂದೆ ಆಟೋ ನಿಂತಿತು.

“ಯಾರವ್ವಾ ಇಲ್ಲಿ ಕಸ್ತೂರಿಬಾಯಿ?” ಎಂಬ ದನಿಗೆ ಗೋಡೆಯ ನಾಗಂದಿಗೆಯ ಮೇಲಿನ ಪಾತ್ರೆಗಳು ಝಣಗುಟ್ಟಿದವು.

“ನಾನ್ರಿ ಮಾಸ್ತರ. ಬರ್ರಿ, ಕೂಡ್ರಿ, ಚಾ ಮಾಡ್ತೇನಿ.”

“ಚಾ ಬ್ಯಾಡ! ನಿನ್ನ ಮನಿ ನೀರೂ ಬ್ಯಾಡ!” ಎಂದು ಮಾಸ್ತರು ಕೈ ಜೋಡಿಸಿದರು. “ಮುಂಜಾನಿಂದ ನಮ್ಮ ಮನಿ ಮುಂದ ಮಂದಿ ಬಂದು ಕುಂತಾರ. ನಾ ಹೊರಗ ಬಂದ್ರ ಅವರಿಗೆ ಬ್ಯಾಸರ ಆಗಾಕತ್ತದ! ಹೂವಿನಾಂವ ಹಾರ ತಂದು, ಎಲ್ಲಿ ಇಡ್ಲಿರಿ ಅಂತ ನನ್ನನ್ನ ಕೇಳ್ಯಾನ! ಸ್ಟೇಜಿನ ಮ್ಯಾಲ ಎಷ್ಟೋ ಸಲ ಸತ್ತೇನಿ ತಾಯೀ, ಪರದೆ ಬಿದ್ದ ಮ್ಯಾಲ ಎದ್ದು ಮನಿಗೆ ಬಂದೇನಿ. ಈ ನಿನ್ನ ಸೇವಾ ಮಾತ್ರ ಬ್ಯಾಡ. ವಾಪಸ್ ತಗೋ.”

ಮಾಡಿದ ಸೇವೆಯನ್ನು ವಾಪಸ್ ಪಡೆಯುವ ಮಂತ್ರ ಸ್ವಾಮಿಗಳಿಗೂ ಗೊತ್ತಿರಲಿಲ್ಲ. ಕೊನೆಗೆ ಮಾಸ್ತರ ಕಾಟ ತಾಳದೆ ಮೈಕು ಹಚ್ಚಿ, “ಶರಣಪ್ಪ ಮಾಸ್ತರ ದೀರ್ಘಾಯುಷ್ಯವನ್ನು ರದ್ದು ಮಾಡಲಾಗಿದೆ!” ಎಂದು ಘೋಷಿಸಿದರು. ಮಾಸ್ತರು ಸಮಾಧಾನದಿಂದ ಆಟೋ ಹತ್ತಿದರು. ಇವತ್ತಿಗೂ ಆರಾಮ ಇದ್ದಾರೆ. ರದ್ದು ಮಾಡಿದ್ದಕ್ಕೇ ಉಳಿದರು ಎಂದು ಓಣಿಯೆಲ್ಲ ತೀರ್ಮಾನಿಸಿತು.

ನಾನು ಗುಡಿಗೆ ಹೋಗುವುದನ್ನು ಬಿಟ್ಟೆ. ಮನೆಯ ದೇವರ ಕೋಣೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತರೂ ಬಾಯಿಗೆ ಯಾರ ಹೆಸರಾದರೂ ಬಂದೀತೆಂದು ಹಲ್ಲು ಕಚ್ಚಿ ಹಿಡಿಯುತ್ತಿದ್ದೆ. ದುಃಖ ಬಂದಾಗ ಹೋಗಿ ಕೂಡಲು ನನಗಿದ್ದದ್ದು ಅದೊಂದೇ ಜಾಗ. ಅಲ್ಲಿಯೂ ಈಗ ನಾನು ಕಳ್ಳಿಯಂತೆ ಕೂಡಬೇಕಾಯಿತು.

ಅಂಥದ್ದರಲ್ಲಿ ನಮ್ಮ ಅತ್ತೆಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ, ಉಸಿರು ಎಳೆಯತೊಡಗಿತು. ಔಷಧ ಕೊಟ್ಟಿದ್ದೇನೆ, ಆದರೆ ವಯಸ್ಸಾಗಿದೆ ನೋಡ್ರಿ ಎಂದು ಡಾಕ್ಟರು ಮುಖ ಸಣ್ಣದು ಮಾಡಿದರು. ನಾನು ದೇವರ ಕೋಣೆಯತ್ತ ತಿರುಗಿದರೆ ಮನೆಯವರು ಬಾಗಿಲಿಗೆ ಅಡ್ಡ ನಿಂತರು.

“ನಿನಗ ಕೈ ಮುಗೀತೇನಿ, ನೀ ಕೈ ಮುಗೀಬ್ಯಾಡ!”

ಹಾಸಿಗೆಯಿಂದ ಅತ್ತೆಯ ಕ್ಷೀಣ ದನಿ ಬಂತು. “ಲೇ ಮಗನ, ಆಕಿನ್ನ ಗುಡಿ ಕಡಿ ಬಿಡಬ್ಯಾಡೋ...”

ನನಗೆ ವಿಭೂತಿ ಹಚ್ಚಿಕೊಳ್ಳಲು ಕಲಿಸಿದವರೇ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ, ಮಟಕಿ ಊರಿನ ತವರು ನೆನೆದು ಅಳುತ್ತಿದ್ದರೆ, “ಅಳಬ್ಯಾಡ ಬೇ, ಮೂಗು ಕೆಂಪಾದ್ರ ನೋಡಾಕಾಗಂಗಿಲ್ಲ” ಎಂದು ಬೈಯುತ್ತಲೇ ಬಾಯಿಗೆ ಬೆಲ್ಲ ಇಟ್ಟವರು. ಅವರಿಗೆ ಬೇಡಿಕೊಳ್ಳಬಾರದೆಂದರೆ ಹೇಗೆ? ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯಲು ಕುಳಿತೆ. ಆ ಸಪ್ಪಳದೊಳಗೆ ಯಾರಿಗೂ ಕೇಳಿಸದಂತೆ ಬೇಡಿಕೊಂಡೆ. ಶಿವನೇ, ಇವರೊಬ್ಬರನ್ನು ಉಳಿಸು. ಇವರೂ ಹೋದರೆ ನನ್ನನ್ನು ಬೈಯುವವರು ಯಾರು? ಹಿಟ್ಟಿನಲ್ಲಿ ಕಣ್ಣೀರು ಬಿದ್ದು ರೊಟ್ಟಿಗಳೆಲ್ಲ ಹರಿದವು. ಅಯ್ಯೋ, ಬೇಡಿಕೊಂಡೆನಲ್ಲ ಎಂದು ಆಮೇಲೆ ಓಡಿ ಬಂದು ಹಾಸಿಗೆಯ ಹತ್ತಿರ ಕುಳಿತೆ. ಅತ್ತೆ ಉಸಿರು ಬಿಟ್ಟಾಗಲೆಲ್ಲ, ಮತ್ತೆ ಎಳೆದುಕೊಳ್ಳುವವರೆಗೆ ನನ್ನ ಉಸಿರೂ ನಿಲ್ಲುತ್ತಿತ್ತು.

ಶಿವ ದೊಡ್ಡವನು. ಜ್ವರ ಇಳಿಯಿತು. ಅತ್ತೆ ಎದ್ದು ಕೂತು ರೊಟ್ಟಿ, ಪುಂಡಿಪಲ್ಯ ಕೇಳಿದರು. ಮನೆಯವರು ಕಣ್ಣೊರೆಸಿಕೊಂಡರು. ನೋಡಲು ಬಂದ ಶಾಹೀನ್ ಆಪಾ, ಓಣಿಯ ಹೆಂಗಸರು ಎಲ್ಲರೂ ನಕ್ಕರು. ಆ ಸಂತೋಷದಲ್ಲಿ ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ!

“ನಾ ಬೇಡ್ಕೊಂಡಿದ್ದು ಕಡೀಗೂ ಶಿವಾ ಕೇಳ್ದ ನೋಡ್ರಿ!”

ಎಲ್ಲರ ನಗು ನಿಂತಿತು. ಆಪಾನ ಕೈಯ ಚಾ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲಿಯೇ ಉಳಿಯಿತು.

“ಏನಂತ ಬೇಡ್ಕೊಂಡಿದ್ದಿ?” ಎಂದರು ಅತ್ತೆ.

“ನೀವು ಉಳೀಲಿ ಅಂತ್ರಿ ಅತ್ತಿ.”

ಅತ್ತೆ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದರು. “ಈಕಿ ಉಳೀಲಿ ಅಂದವರು ಇಲ್ಲೀತನಕ ಯಾರರ ಉಳ್ದಾರೇನವ್ವ?”

ಆಪಾ ಇಲ್ಲವೆಂದು ತಲೆ ಅಲ್ಲಾಡಿಸಿದರು.

“ನಾ ಉಳ್ದೇನಿ. ಅಂದ ಮ್ಯಾಲ ಈಕಿ ಬೇಡಿದ್ದರ ಏನು?”

ಹೆಂಗಸರು ನನ್ನತ್ತ ತಿರುಗಿದರು. ಮನೆಯವರೂ ತಿರುಗಿದರು! ನಾನು ಆಣೆ ಮಾಡಿದೆ, ಕಣ್ಣೀರು ಹಾಕಿದೆ. ಮೈಕಿನಲ್ಲಿ ಕೂಗಿಸಿದ್ದರೆ ಬಸ್‌ಸ್ಟ್ಯಾಂಡಿನ ತನಕ ಸಾಕ್ಷಿ ಇರುತ್ತಿತ್ತು. ರೊಟ್ಟಿಯ ಸಪ್ಪಳದಲ್ಲಿ ಬೇಡಿದ್ದಕ್ಕೆ ಶಿವನೊಬ್ಬನೇ ಸಾಕ್ಷಿ. ನಮ್ಮ ಓಣಿಯಲ್ಲಿ ಅವನ ಮಾತು ಯಾರು ಕೇಳುತ್ತಾರೆ?

ಅತ್ತೆ ಈಗ ಗಟ್ಟಿಮುಟ್ಟಾಗಿದ್ದಾರೆ. ಊಟಕ್ಕೆ ಕೂತಾಗ ನನ್ನ ಮುಖ ನೋಡುತ್ತ ಮೊದಲ ತುತ್ತನ್ನು ಬೆಕ್ಕಿಗೆ ಹಾಕುತ್ತಾರೆ. ಅದು ತಿಂದು, ಮುಖ ತೊಳೆದುಕೊಂಡು, ಬಾಗಿಲು ದಾಟಿ ನಡೆದುಹೋದ ಮೇಲೆ ತಾವು ಉಣ್ಣುತ್ತಾರೆ. ಮೊನ್ನೆ ಬೆಕ್ಕು ಉಂಡು ಅಲ್ಲಿಯೇ ನಿದ್ದೆ ಹೋಯಿತು. ಅದು ಏಳುವವರೆಗೆ ಅತ್ತೆ ಉಪವಾಸ, ನಾನೂ ಉಪವಾಸ!