‘ಬ’ ಎಂದ ತಪ್ಪಿಗೆ ಬಿದ್ದ ಬೇವು

ಹಸಿರು ಕಟ್ಟಡದ ಪ್ರಮಾಣಪತ್ರಕ್ಕೆ ಬಿಲ್ಡರುಗಳು ಯಾಕಿಷ್ಟು ಒದ್ದಾಡುತ್ತಾರೋ ನನಗೆ ಅರ್ಥವಾಗುತ್ತಿರಲಿಲ್ಲ. ನಿಯಮಗಳನ್ನು ಓದಿದರಾಯಿತು. ನಾನು ಅಡಿಟಿಪ್ಪಣಿ ಸಹಿತ ಓದಿದ್ದೆ. ತಮಿಳು ಸೀಮೆಯ ತುಡಿಯಲೂರಿನಲ್ಲಿ ಅಪ್ಪ ಕಟ್ಟಿಸುತ್ತಿದ್ದ ಕಟ್ಟಡದ ಹಸಿರು ವಿಭಾಗಕ್ಕೆ ನಾನೇ ಮುಖ್ಯಸ್ಥೆ, ನಾನೇ ಸಿಬ್ಬಂದಿ.

ಮಳೆನೀರು ಇಂಗಲು ತೋಡಿಸಿದ ಗುಂಡಿಯನ್ನು ಕೆಲಸದವರು ಒಡೆದ ಇಟ್ಟಿಗೆಯಿಂದ ತುಂಬಿಸಿದರು. ಗುಂಡಿ ಇರುವುದೇ ತುಂಬಲಿಕ್ಕೆ ಎಂದುಕೊಂಡರಂತೆ. ಘಾಟಿಲ್ಲದ ಬಣ್ಣ ತರಿಸಿದೆ. ವಾಸನೆಯೇ ಇಲ್ಲ, ಕಲಬೆರಕೆ ಎಂದು ಪೇಂಟರ್ ವಾಪಸು ಕಳಿಸಿದ.

ಆದರೂ ಧೈರ್ಯವಿತ್ತು. ನಿವೇಶನದ ಮೂಲೆಯಲ್ಲಿ ದೊಡ್ಡ ಬೇವಿನ ಮರ. ಇದ್ದ ಮರ ಉಳಿಸಿದರೆ ಪ್ರಮಾಣಪತ್ರಕ್ಕೆ ಅಂಕ. ಅದರ ನೆರಳಲ್ಲಿ ರಾಜಾಮಣಿ ಅಕ್ಕನ ಇಸ್ತ್ರಿ ಗಾಡಿ. ಅವರ ಮನೆಮಾತೂ ನಮ್ಮಂತೆ ಕನ್ನಡ. ಆ ಬೀದಿಯಲ್ಲಿ ನಾನು ಬಾಯಿ ಬಿಡುತ್ತಿದ್ದುದು ಅವರೊಬ್ಬರ ಹತ್ತಿರ.

“ಮರ ಉಳೀತದಾ ಅಮ್ಮಣಿ?”

“ನಾನಿದ್ದೀನಲ್ಲ ಅಕ್ಕ.”

ಒಂದು ಬೆಳಿಗ್ಗೆ ಮೇಸ್ತ್ರಿ ಫೋನ್ ಮಾಡಿ, ಮರವನ್ನು ಏನು ಮಾಡಲಿ ಎಂದು ತಮಿಳಿನಲ್ಲಿ ಕೇಳಿದರು. ‘ವಿಟ್ಟಿಡುಂಗ’, ಅಂದರೆ ಬಿಟ್ಟುಬಿಡಿ, ಎನ್ನಬೇಕಿತ್ತು. ಮನೆಯಲ್ಲಿ ಕನ್ನಡದಲ್ಲೇ ಇದ್ದ ನಾಲಿಗೆ ‘ಬಿಟ್ಟಿಡುಂಗ’ ಎಂದಿತು. ಅದೂ ನನ್ನ ಎಂದಿನ ಮೆಲುದನಿಯಲ್ಲಿ. ತಮಿಳಿನಲ್ಲಿ ಅಂಥ ಮಾತಿಲ್ಲ. ಕಾಂಕ್ರೀಟ್ ಯಂತ್ರದ ಗದ್ದಲದಲ್ಲಿ ಮೇಸ್ತ್ರಿ ಅದನ್ನು ತಾವೇ ತಿದ್ದಿ ‘ವೆಟ್ಟಿಡುಂಗ’ ಎಂದು ಕೇಳಿಸಿಕೊಂಡರು. ಕಡಿದುಬಿಡಿ!

ನಾನು ತಲುಪುವಷ್ಟರಲ್ಲಿ ಬೇವು ಲಾರಿ ಹತ್ತಿತ್ತು.

“ವರ್ಷಕ್ಕೊಂದು ಮಾತಾಡ್ತೀಯ ಮಗಳೆ, ಅದನ್ನಾದ್ರೂ ಗಟ್ಟಿಯಾಗಿ ಆಡಬಾರದಾ?” ಎಂದರು ಅಪ್ಪ.

ರಾಜಾಮಣಿ ಅಕ್ಕ ಬಿಸಿಲಿನಲ್ಲಿ ನಿಂತು, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದರು. “ಹಸ್ರು ಕಟ್ಟಡ ಅಂದ್ರಿ. ಇದ್ದ ಹಸ್ರು ಎಲ್ಲಿ ಅಮ್ಮಣಿ?” ಎಂದು ನಕ್ಕರು. ಬೈದಿದ್ದರೆ ವಾಸಿಯಿತ್ತು. ತಪ್ಪಾಯಿತು ಎನ್ನಲು ಹೋದೆ. ಕೈ ಗಾಡಿಯ ಮೇಲಿನ ಅಂಗಿಯೊಂದನ್ನು ಮಡಚತೊಡಗಿತು. ಸೆರಗಿನಿಂದ ಮುಖ ಒರೆಸಿಕೊಂಡು ಅವರೇ, “ಹೋಗಿ ನೆರಳಲ್ಲಿ ನಿಂತ್ಕೋ, ನನ್ನ ಕಣ್ಣೇ” ಎಂದರು. ನೆರಳು ಎಲ್ಲಿತ್ತು?

ಆ ವಾರವೇ ಗಾಡಿ ಕಾಣದಾಯಿತು.

ಪರಿಶೀಲನೆಗೆ ಬಂದವರು, ಬದಲಿಗೆ ಸಸಿ ನೆಟ್ಟರೆ ಅಡ್ಡಿಯಿಲ್ಲ ಎಂದರು. ನೆಟ್ಟೆವು. ನನ್ನ ಮೊಣಕಾಲೆತ್ತರದ ಸಸಿಗಳು. ಪ್ರಮಾಣಪತ್ರವೂ ಬಂತು.

ಸಂಜೆ ಬಟ್ಟೆಯ ಗಂಟು ಹಿಡಿದು ಅಕ್ಕಪಕ್ಕದ ಬೀದಿಗಳಲ್ಲಿ ಅಕ್ಕನನ್ನು ಹುಡುಕುತ್ತೇನೆ. ಯಾರನ್ನಾದರೂ ಕೇಳಿದರೆ ಗೊತ್ತಾದೀತು. ಕೇಳಲು ಮಾತಾಡಬೇಕಲ್ಲ. ಸದ್ಯಕ್ಕೆ ಸುಕ್ಕು ಬಟ್ಟೆಯಲ್ಲೇ ಓಡಾಡುತ್ತಿದ್ದೇನೆ. ಇಸ್ತ್ರಿ ಇಲ್ಲದಿದ್ದರೆ ಪರಿಸರಕ್ಕೆ ಒಳ್ಳೆಯದು ಎಂದು ಅಪ್ಪನಿಗೆ ಹೇಳಿದ್ದೇನೆ.