ಹಬ್ಬದ ದಾನದ ತಹಕೀಕಾತು

ಲಿಂಗಸುಗೂರಿನ ಪೇಟೆಯಲ್ಲಿ ಧಾನ್ಯದ ಅಂಗಡಿಯ ಗುರುಬಸಪ್ಪ, ದರ್ಜಿ ಮಹಬೂಬಸಾಬ್ ಮತ್ತು ತಹಸೀಲು ಕಚೇರಿಯ ಗುಮಾಸ್ತನಾದ ನಾನು, ಹೀಗೆ ಮೂವರು ಅಂಗಡಿ ಕಟ್ಟೆಯ ಮೇಲೆ ಕುಳಿತಿದ್ದೆವು. ದೀಪಾವಳಿ ಹತ್ತಿರ ಬಂದಿತ್ತು. ಬಡವರಿಗೆ ಕೊಡುವ ಮನಸ್ಸು ಮೂವರಿಗೂ ಇತ್ತು. ಮೋಸಹೋಗುವ ಮನಸ್ಸು ಮಾತ್ರ ಇರಲಿಲ್ಲ. ದಾನ ಮಾಡಿದವನಿಗೆ ಪುಣ್ಯ ಬರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಮೋಸಹೋಗಿ ದಾನ ಮಾಡಿದವನಿಗೆ ಏನು ಬರುತ್ತದೆಂದು ಹೇಳುವ ಮೊದಲೇ ತೀರಿಕೊಂಡಳು. ನನಗೆ ಬಂದದ್ದು ನಗೆಪಾಟಲು. ಹಿಂದಿನ ವರ್ಷ ಒಬ್ಬಾತ ಬಂದು, ದಢೇಸುಗೂರಿನಲ್ಲಿ ತನ್ನ ಮನೆ ಸುಟ್ಟುಹೋಯಿತೆಂದು ಅತ್ತಿದ್ದ. ಅವನ ಜೊತೆ ನಾನೂ ಅತ್ತು, ಮೈಮೇಲಿನ ಶಾಲು ಹೊದಿಸಿ ಕಳಿಸಿದ್ದೆ. ಮುಂದೆ ಕಚೇರಿ ಕೆಲಸಕ್ಕೆಂದು ಮಸ್ಕಿಗೆ ಹೋದರೆ, ಆತ ಅದೇ ಶಾಲು ಹೊದ್ದು, ಅದೇ ಮನೆ ಹೊಳೆಯಲ್ಲಿ ಕೊಚ್ಚಿಹೋಯಿತೆಂದು ಅಳುತ್ತಿದ್ದ. ನನ್ನನ್ನು ಕಂಡು ಗುರುತು ಹಿಡಿದು, ಅಳು ನಿಲ್ಲಿಸಿ, ನಮಸ್ಕಾರವನ್ನೂ ಮಾಡಿದ.

"ಈ ಸಲ ಕೇಳಾಕ ಬಂದವ್ರಿಗೆ ಒಂದು ಕಾಳೂ ಇಲ್ಲ," ಎಂದ ಗುರುಬಸಪ್ಪ. "ನಾವೇ ಮನಿ ನೋಡಿ ಕೊಡೂಣು. ಗುಮಾಸ್ತರ, ತಹಕೀಕಾತ್ ನಿಮ್ಮದು. ಕಚೇರ್ಯಾಗ ದಿನಾ ಅದನ್ನ ಮಾಡ್ತೀರಲ್ಲ."

ಕಚೇರಿಯಲ್ಲಿ ನನ್ನ ಕೆಲಸ, ದೊಡ್ಡವರು ಮಾಡಿದ ತಹಕೀಕಾತಿನ ನಕಲು ತೆಗೆಯುವುದು ಮಾತ್ರ. ವಿಚಾರಣೆ ಮಾಡುವ ಮುಖವೇ ಬೇರೆ, ನಕಲು ತೆಗೆಯುವ ಮುಖವೇ ಬೇರೆ. ಆದರೆ ಅದನ್ನು ಕಟ್ಟೆಯ ಮೇಲೆ ಹೇಳುವುದುಂಟೆ? ಮರುದಿನದಿಂದಲೇ ನೀರು ಕೇಳುವ ನೆಪದಲ್ಲಿ ಮನೆಮನೆ ಹೊಕ್ಕು ಅಡಿಗೆಮನೆ ಇಣುಕತೊಡಗಿದೆ. ಕುಡಿದ ನೀರಿಗೆ ನಡೆದರೆ ಹೊಟ್ಟೆ ಅರೆತುಂಬಿದ ಕೊಡದ ಹಾಗೆ ಸದ್ದು ಮಾಡುತ್ತಿತ್ತು.

ಮೊದಲು ಆರಿಸಿದ್ದು ನಿಂಗಮ್ಮನ ಮನೆ. ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಯಾರ ಮುಂದೂ ಕೈ ಚಾಚಿದವಳಲ್ಲ. ನಮ್ಮ ಮನೆಯ ಹಿತ್ತಾಳೆ ದಬರಿಯಲ್ಲಿ ಗುರುಬಸಪ್ಪನ ಜೋಳ ತುಂಬಿ ಕೊಟ್ಟುಬಂದೆ. ಮಹಬೂಬಸಾಬ್ ಮಕ್ಕಳ ಅಳತೆ ತೆಗೆದುಕೊಂಡ. ಪಾಡ್ಯದ ದಿನ ಇಬ್ಬರಿಗೂ ಹೊಸ ಬಟ್ಟೆ, ಉಡಲು ಪರಕಾರ, ತೊಡಲು ಪೋಲಕಾ ಎಂದು ಮಾತಾಯಿತು. ಅಂದಿನಿಂದ ಆ ಹುಡುಗಿಯರಿಗೆ ಎಲ್ಲಿಗೆ ಹೋಗಬೇಕಾದರೂ ದಾರಿ ದರ್ಜಿಯ ಅಂಗಡಿಯ ಮುಂದೆಯೇ.

ಅಮಾವಾಸ್ಯೆಯ ದಿನ ದಬರಿ ಮರಳಿ ಬಂತು. ಒಳಗೆ ಎರಡು ಹೋಳಿಗೆ, ಮೇಲೆ ತುಪ್ಪ. ಎರಡನ್ನೂ ನಾನೇ ತಿಂದೆ. ಬಹಳ ಚೆನ್ನಾಗಿದ್ದವು, ಸಂಶಯ ಹುಟ್ಟಿದ್ದು ಅಲ್ಲಿಯೇ. ಬೆರಳು ನೆಕ್ಕುತ್ತ ಕಟ್ಟೆಗೆ ಹೋಗಿ ತೀರ್ಪು ಕೊಟ್ಟೆ: "ತುಪ್ಪದ ಹೋಳಿಗಿ ತಿನ್ನಾವ್ರು ಬಡವರೇನ್ರಿ? ಮತ್ತ ಮೋಸ ಹೋದ್ವಿ. ಬಟ್ಟಿ ಬ್ಯಾರೆದವ್ರಿಗೆ ಕೊಡೂಣು."

"ಆಕಿ ಎಲ್ಲಿ ತಿಂದಾಳ್ರೀ? ತಿಂದವ್ರು ನೀವು," ಎಂದ ಮಹಬೂಬಸಾಬ್.

ಆದರೆ ತಹಕೀಕಾತು ನನ್ನದಲ್ಲವೇ? ಊರ ಅಂಚಿನಲ್ಲಿ ಇನ್ನೊಬ್ಬನನ್ನು ನೋಡಿಟ್ಟಿದ್ದೆ. ತಣ್ಣಗಿನ ಒಲೆ, ಮನೆಯಲ್ಲಿ ಒಂದು ಗಡಿಗೆಯೂ ಇಲ್ಲ. "ಹೆಣ್ಮಕ್ಕಳು ಎರಡು ಅಜ್ಜಿ ಊರಾಗ ಉಪಾಸ ಬಿದ್ದಾವ್ರಿ" ಎಂದಿದ್ದ. ಅಷ್ಟು ಚೊಕ್ಕಟವಾದ ಬಡತನವನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಬಟ್ಟೆ ಅವನ ಪಾಲಾಯಿತು. ಪಾಡ್ಯದ ಬೆಳಿಗ್ಗೆ ನಿಂಗಮ್ಮನ ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದು ದರ್ಜಿಯ ಅಂಗಡಿಯ ಮುಂದೆ ನಿಂತರು. ಒಗೆದ ಹಳೆಯ ಪರಕಾರದಲ್ಲಿಯೇ ತಿರುಗಿ ಹೋದರು. ಮಹಬೂಬಸಾಬ್ ಅಂದು ಕಟ್ಟೆಯ ಕಡೆ ಬರದೆ, ಅಂಗಡಿ ಮುಚ್ಚಿ ಮನೆಗೆ ಹೋದ.

ಸಂಜೆ ನನ್ನ ಜಾಣತನವನ್ನು ಹೆಂಡತಿಗೆ ವಿವರಿಸಿದೆ. ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಆ ತುಪ್ಪ ಯಾರದಂತ ತಿಳಿದೀರಿ?"

"ಆಕಿದು."

"ನಮ್ದು. ಬ್ಯಾಳಿ ನಮ್ದು, ಬೆಲ್ಲ ನಮ್ದು. ದಬರಿ ಖಾಲಿ ಹೆಂಗ ಕೊಡ್ಲಿ ಅಂತ ಹಿತ್ತಲ ಬಾಗಿಲಿಗೆ ಬಂದು ಕಡಾ ಒಯ್ದಾಳ. ಹಂಗ ಕೊಡವಾ ಅಂದ್ರ ಕೇಳಲಿಲ್ಲ. ಎರಡಕ್ಕ ಆಗುವಷ್ಟು ಒಯ್ದು, ಎರಡೂ ನಿಮಗೇ ಕಳಿಸ್ಯಾಳ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಅದಕ್ಕೂ ತಹಕೀಕಾತ್ ಮಾಡ್ತಿದ್ರಿ."

ಕೊಟ್ಟವರ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂಬುದು ನನಗೇನು ಹೊಸದೇ? ಮನೆಯಲ್ಲಿ ಬೇರೇನೂ ಇಲ್ಲದಾಗ ನಾಲ್ಕು ಹರಳು ಸಕ್ಕರೆಯನ್ನಾದರೂ ಹಾಕಿ ಕಳಿಸಿದ ಮನೆತನದಲ್ಲಿ ಬೆಳೆದವನು ನಾನು. ಊರ ಅಡಿಗೆಮನೆಗಳನ್ನೆಲ್ಲ ಜಾಲಾಡಿದವನಿಗೆ ತನ್ನ ಮನೆಯ ತುಪ್ಪದ ರುಚಿ ತಿಳಿಯದೆ ಹೋಯಿತು.

ಮುಂದೆ ಸಿಂಧನೂರಿನ ಸಂತೆಗೆ ಹೋದ ಮಹಬೂಬಸಾಬ್, ತನ್ನದೇ ಹೊಲಿಗೆಯ ಪರಕಾರ, ಪೋಲಕಾ ಅಲ್ಲಿ ಮಾರಾಟಕ್ಕಿರುವುದನ್ನು ಕಂಡ. ಇಟ್ಟುಕೊಂಡು ಕೂತವನು ನನ್ನ ಚೊಕ್ಕಟ ಬಡವ. ಅವನ ಒಲೆ ತಣ್ಣಗಿದ್ದದ್ದು ಸಹಜವೇ. ಆ ಪಾಳುಮನೆಯಲ್ಲಿ ಆತ ಒಂದು ದಿನವೂ ವಾಸ ಮಾಡಿರಲಿಲ್ಲ. ಮಹಬೂಬಸಾಬ್ ಬಟ್ಟೆಯನ್ನು ಕೊಂಡುತಂದು ನನ್ನ ಮಡಿಲಿಗೆ ಹಾಕಿದ. "ನೀವೇ ಕೊಟ್ಟು ಬರ್ರಿ. ಆ ಹುಡುಗ್ಯಾರ ಮಾರಿ ನೋಡಾಕ ನನ್ನ ಕೈಲಿಂದ ಆಗಂಗಿಲ್ಲ."

ಹೋದೆ. ಹುಡುಗಿಯರು ಬಟ್ಟೆ ಕಸಿದುಕೊಂಡು ಒಳಗೆ ಓಡಿದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಹೊರಗೆ ಬಂದದ್ದು, "ಸ್ವಲ್ಪ ತಡಾ ಆತವಾ."

ನಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. "ಬಂತಲ್ರೀ, ಸಾಕು. ಕೂಡ್ರಿ, ಉಂಡು ಹೋಗ್ರಿ," ಎಂದಳು.

"ಬ್ಯಾಡವಾ, ಮನ್ಯಾಗ ಅಡಿಗಿ ಆಗೇತಿ."

"ನಾಚಬ್ಯಾಡ್ರಿ. ಗುಮಾಸ್ತರು ಮಂದಿ ಅಡಿಗಿಮನಿ ಇಣುಕ್ಯಾಡಾಕತ್ತಾರ ಅಂತ ಓಣ್ಯಾಗ ಎಲ್ಲಾರೂ ಅನ್ನಾಕತ್ತಾರ. ಹಸಿವು ಅಂದ್ರ ಯಾರಿಗಾದ್ರೂ ಹಸಿವೇ ಅಲ್ಲೇನ್ರಿ?"

ಅದು ಚೇಷ್ಟೆಯೋ ಕನಿಕರವೋ ಅವಳ ಮುಖ ನೋಡಿದರೆ ತಿಳಿಯಲಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯವೂ ಆಗಲಿಲ್ಲ. ಕುಳಿತು ಉಂಡೆ. ಎರಡನೆಯ ರೊಟ್ಟಿಯನ್ನು ಆಕೆ ಕೇಳದೆಯೇ ಹಾಕಿದಳು.