ಎಲ್ಲಿ ಇಳೀತಿ?

ದೇವಾನಂದ ತನ್ನ ಹೆಂಡತಿಯನ್ನು ಮೊದಲ ಸಲ ಕಂಡದ್ದು ಮುಂಬೈಯ ಮುಲುಂಡ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ತಿರುಗದ ಒಂದು ಫ್ಯಾನಿನ ಕೆಳಗೆ. ಅದು ಹೆಣ್ಣು ನೋಡುವ ಶಾಸ್ತ್ರ. ಜಮಖಾನೆ ಹಾಸಿರಲಿಲ್ಲ, ಚಹಾ-ಚುರುಮುರಿ ಇರಲಿಲ್ಲ. ಹುಡುಗಿಯ ಅಪ್ಪ ಪರಪ್ಪನವರು ಗೋಕಾಕದಿಂದ ಬಂದು ಮುಲುಂಡಿನಲ್ಲಿ ನೆಲೆಸಿ, ಫೋರ್ಟಿನ ಕಚೇರಿಗೆ ಓಡಾಡುತ್ತಲೇ ತಲೆ ಹಣ್ಣಾಗಿಸಿಕೊಂಡವರು. ರವಿವಾರ ಮನೆಗೆ ಕರೆದು ನೋಡಿದರೆ ಹುಡುಗ ಎಂಥವನೆಂದು ತಿಳಿಯುವುದಿಲ್ಲ, ಸೋಮವಾರ ಮುಂಜಾನೆ ಲೋಕಲ್ ಹತ್ತುವಾಗ ನೋಡಬೇಕು ಎಂಬುದು ಅವರ ಘನ ಸಿದ್ಧಾಂತ. (ಜಾತಕ ಆಮೇಲೆ ನೋಡಿದರು. ಅದೂ ಗಾಡಿಯಲ್ಲೇ.)

ದೇವಾನಂದ ಆಗ ಮುಂಬೈಗೆ ಹೊಸಬ. ಇಂಡಿ ತಾಲೂಕಿನ ಒಂದು ಹಳ್ಳಿಯವನು, ಅವನ ಮನೆತನದಲ್ಲಿ ಬಿ.ಎ. ಎಂದು ಹೆಸರಿನ ಮುಂದೆ ಬರೆದುಕೊಂಡವರಲ್ಲಿ ಮೊದಲಿಗ. ಫೋರ್ಟಿನಲ್ಲಿ ಬಂದರಿನ ಸರಕು ಬಿಡಿಸಿಕೊಡುವ ಒಂದು ಕಂಪನಿಯಲ್ಲಿ ಗುಮಾಸ್ತ, ವಸತಿ ಮುಲುಂಡಿಗಿಂತಲೂ ಆಚೆ, ಕಲ್ಯಾಣದಲ್ಲಿ. ಹೆಣ್ಣು ನೋಡಲು ಹೋಗುವಾಗ ಕಾಲಲ್ಲಿರಲಿ ಎಂದು ಅವ್ವ ಊರಿನಿಂದ ಹೊಸ ಚಪ್ಪಲಿ ಕಳಿಸಿದ್ದಳು. ಅವು ನಡೆದರೆ ಕಿರ್ರೆನ್ನುತ್ತಿದ್ದವು. ಆ ಸದ್ದು ತನಗೊಂದು ಗಾಂಭೀರ್ಯ ಕೊಡುತ್ತದೆಂದು ಅವನು ತಿಳಿದಿದ್ದ.

ಹುಡುಗಿ ಭುವನೇಶ್ವರಿ ಬ್ಯಾಗನ್ನು ಹೊಟ್ಟೆಯ ಮೇಲೆ ಹಾಕಿಕೊಂಡಿದ್ದಳು. ಜಡೆ ಕಾಲರಿನೊಳಗೆ, ದುಪಟ್ಟಾ ಸೊಂಟಕ್ಕೆ. ಯುದ್ಧಕ್ಕೆ ಹೊರಟವರ ಹಾಗಿದ್ದಳು, ಆದರೆ ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. ಅವನನ್ನು ತಲೆಯಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಆ ನೋಟ ಅವನ ಕಾಲಿನ ಹತ್ತಿರ ಬಂದು ನಿಂತುಬಿಟ್ಟಿತು.

ಅಷ್ಟರಲ್ಲಿ ಗಾಡಿ ಬಂತು. ಅದಿನ್ನೂ ನಿಂತಿರಲಿಲ್ಲ, ಆಗಲೇ ಪರಪ್ಪನವರು ನಿಂತ ಜಾಗದಲ್ಲಿ ಇರಲಿಲ್ಲ. ಅಷ್ಟು ದಪ್ಪನೆಯ ಮನುಷ್ಯ ನೀರಿನ ಹಾಗೆ ಹರಿದು ಒಳಗೆ ಹೋಗಿ, ಕಿಟಕಿಯ ಪಕ್ಕ ಕೂತು, ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು. ದೇವಾನಂದ ಬಾಯಿ ತೆರೆದುಕೊಂಡು ನೋಡಿದ. ಹಾಗೆ ನೋಡುತ್ತಿರುವಾಗಲೇ ಹಿಂದಿನವರು ಅವನನ್ನು ಒಳಗೆ ತುಂಬಿದರು. ಅವನು ಒಳಗೆ ಹೋದ, ಎಡಗಾಲಿನ ಚಪ್ಪಲಿ ಮುಲುಂಡಿನಲ್ಲಿ ಉಳಿಯಿತು. ಲೇಡೀಸ್ ಡಬ್ಬಾದಿಂದ ಫೋರ್ಟಿನ ಕೊನೆಯ ಸ್ಟೇಷನ್ ವಿಟಿಯಲ್ಲಿ ಇಳಿದ ಭುವನೇಶ್ವರಿ, ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಬಂದ ವರಮಹಾಶಯನಿಗೆ ಒಂದೇ ಮಾತು ಹೇಳಿದಳು:

"ನಾಳೆಯಿಂದ ಬೂಟ್ ಹಾಕ್ಕೊಂಡ ಬರ್ರಿ."

ಕಚೇರಿಯಲ್ಲಿ ಇಡೀ ದಿನ ಅವನು ಈ ವಾಕ್ಯವನ್ನು ಪರೀಕ್ಷೆಯ ಪ್ರಶ್ನೆಯಂತೆ ಬಿಡಿಸಿದ. ನಾಳೆಯಿಂದ ಎಂದರೆ ನಾಳೆಯೂ ಬರಬೇಕು. ಬರಬೇಕು ಎಂದರೆ ಒಪ್ಪಿಗೆ. ಸಂಜೆ ಬೂಟು ಕೊಂಡ.

ಮದುವೆಯಾಯಿತು. ಸಂಸಾರ ಕಲ್ಯಾಣದಲ್ಲಿ. ಭುವನೇಶ್ವರಿಯ ವಿಮಾ ಕಚೇರಿಯೂ ಫೋರ್ಟಿನಲ್ಲೇ ಇದ್ದದ್ದರಿಂದ ಇಬ್ಬರೂ ಹೋಗುವುದು ಒಂದೇ ಗಾಡಿ, ಬರುವುದು ಒಂದೇ ಗಾಡಿ. ಅವಳು ಲೇಡೀಸ್ ಡಬ್ಬಾದಲ್ಲಿ, ಅವನು ಗಾಡಿಯ ಇನ್ನೊಂದು ತುದಿಯಲ್ಲಿ. ಕಲ್ಯಾಣ ಒಂದು ಊರು, ಮುಂಬೈ ಇನ್ನೊಂದು ಊರು. ದಾಂಪತ್ಯ ಇವೆರಡರ ನಡುವಿನ ಹಳಿಯ ಮೇಲೆ ಸಾಗಿತ್ತು. ಗಂಡ ಹೆಂಡತಿಯ ಸರಸ ಸಲ್ಲಾಪವೆಲ್ಲ ಫೋನಿನಲ್ಲಿ.

"ಎಲ್ಲಿ ಬಂದ್ರಿ?"

"ಠಾಣಾ ದಾಟ್ತು. ನೀ?"

"ನಾನೂ ದಾಟಿದೆ."

(ಒಂದೇ ಗಾಡಿ. ಬೇರೆ ಉತ್ತರ ಹೇಗೆ ಬರಬೇಕು?)

ಅವಳ ಕೈಚಳಕಕ್ಕೆ ಅವನು ಬೆರಗಾಗಿದ್ದ. ವಿಟಿಯಲ್ಲಿ ಹತ್ತುವಾಗ ಬ್ಯಾಗಿನಲ್ಲಿದ್ದ ಇಡೀ ಮೆಂತ್ಯ ಸೊಪ್ಪು ಕಲ್ಯಾಣದಲ್ಲಿ ಇಳಿಯುವಾಗ ಸೋಸಿ ಹಸನಾಗಿರುತ್ತಿತ್ತು. ಮನೆಗೆ ಬಂದು ಒಗ್ಗರಣೆ ಹಾಕಿದರೆ ಊಟ, ಊಟವಾದರೆ ನಿದ್ದೆ. ಮಾತಿಲ್ಲ. ಏನಾದರೂ ಕೇಳಿದರೆ ತುಟಿಯ ಕೊನೆಯಲ್ಲಿ ಸಣ್ಣಗೆ ನಕ್ಕು ಸುಮ್ಮನಾಗುತ್ತಿದ್ದಳು. ಹೆಂಡತಿ ಹುಟ್ಟಾ ಮಿತಭಾಷಿ ಎಂದು ಅವನು ನಂಬಿದ. ಫೋನಿನಲ್ಲಿ ಅವ್ವನಿಗೆ "ಭಾಳ ಮುಗ್ಧಿ ಅದಾಳ" ಎಂದೂ ವರದಿ ಮಾಡಿದ. ಆದರೂ ಒಳಗೊಳಗೆ ಒಂದು ಆಸೆ ಕೊರೆಯುತ್ತಿತ್ತು. ಇವಳು ತನ್ನ ಎದುರು ಕೂತು ಒಂದು ತಾಸು ಮಾತಾಡಿದರೆ ಹೇಗಿದ್ದೀತು?

ಆಸೆಯಿಂದ ಹೊಳೆಯಿತು ಉಪಾಯ. ಕಚೇರಿಯ ಕಾಶಿನಾಥ ಗ್ರಾಂಟ್ ರೋಡಿನ ಚಾಳೊಂದರಲ್ಲಿ, ಉಡುಪಿ ಹೋಟೆಲಿನ ಮೇಲಿನ ಖೋಲಿ ಖಾಲಿಯಿದೆ ಎಂದಿದ್ದ. ಬಸ್ಸು ಹತ್ತಿದರೆ ಫೋರ್ಟು. ಗಾಡಿಯಲ್ಲಿ ಕಳೆಯುವ ಹೊತ್ತೆಲ್ಲ ಮನೆಯಲ್ಲಿ ಉಳಿಯುತ್ತದೆ, ಆ ಹೊತ್ತಿನಲ್ಲಿ ಹೆಂಡತಿ ಮಾತಾಡುತ್ತಾಳೆ. ಲೆಕ್ಕ ಸರಿಯಾಗಿತ್ತು. ಕಲ್ಯಾಣದ ಮನೆಯನ್ನು ಬಾಡಿಗೆಗೆ ಹಿಡಿಯಲು ದೂರದ ಸಂಬಂಧಿ ಶಿವಪುತ್ರ ತುದಿಗಾಲಲ್ಲಿ ನಿಂತಿದ್ದ.

ಸುದ್ದಿ ಕೇಳಿ ಪರಪ್ಪನವರು ಅಳಿಯ ಸನ್ಯಾಸ ತೆಗೆದುಕೊಳ್ಳುತ್ತಿದ್ದಾನೆಂಬಂತೆ ನೋಡಿದರು.

"ಗಾಡಿ ಬಿಟ್ಟು ಮನಿಯಾಗ ಕುಂತು ಏನ್ ಮಾಡ್ತೀರಿ?"

"ಮಾತಾಡ್ತೀವ್ರಿ ಮಾವಾ."

"ಮಾತಾಡಾಕ ಮನಿ ಯಾಕ ಬೇಕು?" ಎಂದು ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಭುವನೇಶ್ವರಿ ಬೇಡವೆನ್ನಲಿಲ್ಲ. ಒಂದು ತಿಂಗಳು ಇದ್ದು ನೋಡೋಣ, ಕಲ್ಯಾಣದ ಮನೆಯ ಕೀಲಿ ಮಾತ್ರ ದಸರೆಯ ತನಕ ಯಾರಿಗೂ ಕೊಡುವುದು ಬೇಡ ಎಂದಳು. ಶಿವಪುತ್ರನಿಗೆ ವಿಜಯದಶಮಿಯ ದಿನ ಹೌದು ಅಥವಾ ಇಲ್ಲ ಹೇಳುವುದೆಂದು ಠರಾವಾಯಿತು.

ಗ್ರಾಂಟ್ ರೋಡಿನ ಮೊದಲ ಸಂಜೆ ಇನ್ನೂ ಬಿಸಿಲಿರುವಾಗಲೇ ಇಬ್ಬರೂ ಮನೆಯಲ್ಲಿದ್ದರು. ಅಂಥದ್ದು ಹಿಂದೆಂದೂ ಘಟಿಸಿರಲಿಲ್ಲ. ಖೋಲಿಯಲ್ಲಿದ್ದದ್ದು ಒಂದೇ ಕುರ್ಚಿ, ಅದರಲ್ಲಿ ಭುವನೇಶ್ವರಿ ಕೂತಿದ್ದಳು. ದೇವಾನಂದ ಅವಳ ಮುಂದೆ ನಿಂತ. ಕೈ ತನ್ನಷ್ಟಕ್ಕೆ ಮೇಲೆ ಹೋಗಿ ಬಟ್ಟೆ ಒಣಹಾಕುವ ಹಗ್ಗ ಹಿಡಿಯಿತು. ಏನಾದರೂ ರಸವತ್ತಾದ ಮಾತಿನಿಂದ ಆರಂಭಿಸಬೇಕೆಂದು ಬಾಯಿ ತೆರೆದರೆ, ಲೋಕಲ್ಲಿನಲ್ಲಿ ಕೂತವರ ಸೀಟಿಗೆ ಮುಂಚೆಯೇ ನಂಬರು ಹಚ್ಚುವ ಆ ಮಾತೇ ಹೊರಬಿತ್ತು:

"ಎಲ್ಲಿ ಇಳೀತಿ?"

"ಘಾಟ್ಕೋಪರ," ಎಂದಳು ಅವಳು ತಲೆಯೆತ್ತದೆ. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಎದ್ದು ಸೀಟು ಬಿಟ್ಟುಕೊಟ್ಟಳು.

ಮರುದಿನ ಚಾಳಿನ ಸಾಮೂಹಿಕ ಸಂಡಾಸಿನ ಸರದಿಯಲ್ಲಿ ಮುಂದೆ ನಿಂತ ಹಿರಿಯರೊಬ್ಬರಿಗೂ ಅವನು ಅದನ್ನೇ ಕೇಳಿದ. (ಇಡೀ ಚಾಳಿಗೆ ಕೇಳಿಸಿದ ಅವರ ಉತ್ತರ ಬರೆಯುವಂಥದ್ದಲ್ಲ.) ಮಲಗಿದರೆ ನಿದ್ದೆಯಿಲ್ಲ. ಗಾಡಿಯಲ್ಲಿ ನಿಂತೇ ಗೊರಕೆ ಹೊಡೆಯುತ್ತಿದ್ದ ಮನುಷ್ಯ ಇಲ್ಲಿ ಹಾಸಿಗೆಯ ಮೇಲೆ ಹೊರಳಾಡಿ, ಕೊನೆಗೆ ಎದ್ದು ಹಗ್ಗ ಹಿಡಿದು ನಿಂತರೆ ಮಾತ್ರ ಕಣ್ಣು ಹತ್ತುತ್ತಿತ್ತು. ಒಮ್ಮೆ ಹಾಗೆ ತೂಕಡಿಸುತ್ತ ಹಗ್ಗ ಹರಿದು, ಒದ್ದೆ ಬಟ್ಟೆಗಳ ಸಮೇತ ಧರಾಶಾಯಿಯಾದ.

ಇವೆಲ್ಲ ಹೇಗೋ ಸಹಿಸುವಂಥವು. ಅವನನ್ನು ಹೆದರಿಸಿದ್ದು ಹೆಂಡತಿ. ಅವಳ ಮಾತು ಹೆಚ್ಚುವುದಿರಲಿ, ಇದ್ದದ್ದೂ ಹೋಯಿತು. "ಎಲ್ಲಿ ಬಂದ್ರಿ" ಎಂಬ ಫೋನೂ ನಿಂತಿತು. ಎಲ್ಲಿಗೂ ಬರುವುದಿರಲಿಲ್ಲವಲ್ಲ. ಮೆಂತ್ಯ ಸೊಪ್ಪಿನ ಕಟ್ಟು ಮುಂದಿಟ್ಟುಕೊಂಡು ಗೋಡೆ ನೋಡುತ್ತ ಕೂರುವಳು, ಸೊಪ್ಪು ಕೈಯಲ್ಲೇ ಬಾಡುವುದು. ತುಟಿಯ ಕೊನೆಯ ಆ ನಗುವೂ ಕಾಣೆಯಾಗಿತ್ತು. ತಾನು ಬಯಸಿದ್ದೇನು, ಆದದ್ದೇನು?

"ಏನರ ಮಾತಾಡು," ಎಂದು ಒಂದು ಸಂಜೆ ಗೋಗರೆದ.

"ಏನ್ ಮಾತಾಡ್ಲಿ? ಏನ್ ಆದ್ರೂ ನೀವೂ ಇಲ್ಲೇ ಇರ್ತೀರಲ್ಲ," ಎಂದಳು ಅವಳು.

ಅವನಿಗೆ ಅದು ತಿಳಿಯಲಿಲ್ಲ. ಬಿ.ಎ. ಓದಿನಲ್ಲಿ ಇಂಥದ್ದು ಬಂದಿರಲಿಲ್ಲ.

ಖಂಡೇನವಮಿ ಬಂತು. ಊರಲ್ಲಿ ನೇಗಿಲು, ಕುಡಗೋಲು ಪೂಜಿಸುವ ಹಾಗೆ ಇಲ್ಲಿ ದಿನದ ಪ್ರಯಾಣಿಕರು ತಮ್ಮ ತಮ್ಮ ಡಬ್ಬಾ ಪೂಜಿಸುತ್ತಾರೆ. ತನ್ನ ಗುಂಪಿನವರು ಕರೆದಿದ್ದಾರೆ, ಕಲ್ಯಾಣಕ್ಕೆ ಹೋಗಿ ಅವರ ಜೊತೆ ಗಾಡಿಯಲ್ಲೇ ವಾಪಸು ಬರುತ್ತೇನೆ ಎಂದಳು ಭುವನೇಶ್ವರಿ. ಕೆಲಸಕ್ಕೆ ಹತ್ತಿರವೆಂದು ಗ್ರಾಂಟ್ ರೋಡಿಗೆ ಬಂದವರು ಕೆಲಸಕ್ಕೆ ಹೋಗಲು ನಸುಕಿನಲ್ಲೆದ್ದು ಕಲ್ಯಾಣಕ್ಕೆ ಹೊರಟರು. ಚೆಂಡು ಹೂವಿನ ಚೀಲವನ್ನೂ ತೆಂಗಿನಕಾಯಿಗಳನ್ನೂ ದೇವಾನಂದ ಹೊತ್ತ.

ಕಲ್ಯಾಣದಲ್ಲಿ ಕಂಡ ದೃಶ್ಯಕ್ಕೆ ಅವನು ನಿಂತಲ್ಲೇ ನಿಂತ. ಹೆಂಗಸರು ಲೇಡೀಸ್ ಡಬ್ಬಾದ ಕಂಬಗಳಿಗೆ ಬಾಳೆಕಂದು ಕಟ್ಟುತ್ತಿದ್ದರು, ಹಿಡಿಕೆ ಹಿಡಿಕೆಗೂ ಹೂವು ಸುತ್ತುತ್ತಿದ್ದರು. ಇಂದ್ರಾಬಾಯಿ ಎಂಬ ಹಿರಿಯಾಕೆ ಕುಂಕುಮದ ಬಟ್ಟಲು ಹಿಡಿದು ಕೂತಿದ್ದರು. ಭುವನೇಶ್ವರಿ ಬಾಗಿಲಲ್ಲಿ ಕಾಣಿಸಿದಳೋ ಇಲ್ಲವೋ, ಇಡೀ ಡಬ್ಬಾ ಕೂಗಿ ಅವಳನ್ನು ಒಳಗೆಳೆದುಕೊಂಡಿತು. ಚೀಲ ಕೊಟ್ಟು ದೇವಾನಂದ ಪಕ್ಕದ ಗಂಡಸರ ಡಬ್ಬಾ ಹತ್ತಿದ. ಗರ್ದಿ ಅವನನ್ನು ಒಯ್ದು, ಎರಡು ಡಬ್ಬಾಗಳ ನಡುವಿನ ಕಬ್ಬಿಣದ ಜಾಲರಿಗೆ ಅಂಟಿಸಿ ಬಿಟ್ಟಿತು. ಅಲ್ಲಿ ನಿಂತರೆ ಆಚೆಯದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಗಾಡಿ ಹೊರಟಿತು. ಆರತಿಯಾಯಿತು. ಆಮೇಲೆ ಭುವನೇಶ್ವರಿ ಹಿಡಿಕೆ ಹಿಡಿದು ನಡುವೆ ನಿಂತಳು. ಡಬ್ಬಾ ಗಪ್ಪಾಯಿತು. ಅವನ ಮಿತಭಾಷಿ, ಅವನ ಮುಗ್ಧಿ, ಬಾಯಿ ತೆರೆದಳು.

ಹಿಂದಿ, ಮರಾಠಿ, ನಡುನಡುವೆ ಗೋಕಾಕದ ಕನ್ನಡ, ಎಲ್ಲ ಕಲಸಿ ಅವಳು ಹೇಳಿದ್ದು ಒಂದು ತಿಂಗಳ ಬಾಕಿ ಪುರಾಣ. ಕಥಾನಾಯಕನ ಹೆಸರು "ನಮ್ಮ ಸಾಹೇಬ್ರು". ಸಾಹೇಬರು ಕುರ್ಚಿಯ ಮುಂದೆ ನಿಂತು ಎಲ್ಲಿ ಇಳೀತಿ ಎಂದದ್ದು ಬಂತು. ಸಂಡಾಸಿನ ಸರದಿಯ ಹಿರಿಯರು ಬಂದರು, ಅವರ ಉತ್ತರವೂ ಒಂದಕ್ಷರ ಬಿಡದೆ ಬಂತು. ಹಗ್ಗ ಹಿಡಿದು ತೂಕಡಿಸುವುದನ್ನು ಅವಳು ಮಾಡಿಯೇ ತೋರಿಸಿದಳು. ಕುತ್ತಿಗೆ ಒಂದು ಕಡೆ ವಾಲಿಸಿ, ತುಟಿ ಸಡಿಲಬಿಟ್ಟು, ಸಾಕ್ಷಾತ್ ದೇವಾನಂದನಾದಳು. ಡೊಂಬಿವಲಿಯಲ್ಲಿ ಹತ್ತಿದವರು ಯಾಕೆಂದು ಗೊತ್ತಿಲ್ಲದೆಯೇ ನಗಲು ಶುರುಮಾಡಿದರು. ಇಂದ್ರಾಬಾಯಿ ನಕ್ಕು ನಕ್ಕು ಕುಂಕುಮ ಚೆಲ್ಲಿಕೊಂಡರು.

ದೇವಾನಂದನ ಪಕ್ಕದಲ್ಲಿ ನಿಂತ ಒಬ್ಬಾತನೂ ಜಾಲರಿಗೆ ಕಿವಿಯಿಟ್ಟು ಹೊಟ್ಟೆ ಹಿಡಿದು ನಗುತ್ತಿದ್ದ. ಮಾತಾಡಿಸಿದರೆ ಕನ್ನಡದವನೇ. ಹೆಸರು ಖಂಡಪ್ಪ, ಜಮಖಂಡಿಯವನು, ಬಿಲ್ಡಿಂಗ್ ಕೆಲಸದ ಮೇಸ್ತ್ರಿ.

"ಒಂದ ತಿಂಗಳಿಂದ ಈ ಅಕ್ಕಾರು ಬಂದಿದ್ದಿಲ್ರಿ. ಗಾಡಿ ಸಪ್ಪಗ ಆಗಿತ್ತು," ಎಂದ ಖಂಡಪ್ಪ. "ನಾವು ಈ ಕಡೆ ನಿಂತವ್ರು ಎಲ್ಲಾರೂ ಇದನ್ನ ಕೇಳಾಕ ಇಲ್ಲಿ ಹತ್ತವ್ರು. ಆ ಸಾಹೇಬಾ ಅನ್ನಾಂವ ಹೆಂಗ ಅದಾನೋ, ಒಮ್ಮೆ ನೋಡಬೇಕ್ರಿ."

"ನೋಡಬೇಕ ನೋಡ್ರಿ," ಎಂದ ದೇವಾನಂದ, ಮುಖವನ್ನು ಫ್ಯಾನಿನ ಕಡೆ ತಿರುಗಿಸಿ.

ಸಿಟ್ಟು ಬರಬೇಕಿತ್ತು. ಬರಲಿ ಎಂದು ಅವನು ಕಾದೂ ನೋಡಿದ. ಬಂದದ್ದು ಮಾತ್ರ ಬೆರಗು. ಗಂಡಸರೇ ಉಸಿರಾಡಲು ಹೆಣಗುವ ಗರ್ದಿಯಲ್ಲಿ ನಿಂತು, ಇಷ್ಟು ದಣಿದ ಜನರನ್ನು ನಗಿಸಬಲ್ಲ ಈ ಹೆಂಗಸು ತನ್ನ ಮನೆಯಲ್ಲಿ ಮೆಂತ್ಯ ಸೊಪ್ಪಿನ ಮುಂದೆ ಮೌನವಾಗಿ ಕೂರುತ್ತಿದ್ದಳೇ? ತುಟಿಯ ಕೊನೆಯ ಆ ನಗು ನಗುವಾಗಿರಲಿಲ್ಲ, ಮರುದಿನಕ್ಕೆ ಕಟ್ಟಿಟ್ಟ ಬುತ್ತಿಯಾಗಿತ್ತು. ತಾನು ಹಗಲಿರುಳು ಎದುರಿಗೇ ಕೂತು ಆ ಬುತ್ತಿ ಬಿಚ್ಚುವ ಜಾಗವನ್ನೇ ಕಿತ್ತುಕೊಂಡಿದ್ದೆ ಎಂಬುದು ಈಗ, ಎರಡು ಡಬ್ಬಾಗಳ ನಡುವೆ, ಬಿ.ಎ. ಪದವೀಧರನಿಗೆ ಅರ್ಥವಾಯಿತು.

ಮುಲುಂಡ್ ಬಂದಾಗ ಭುವನೇಶ್ವರಿ ಹೊರಗೆ ಕೈ ತೋರಿಸಿದಳು. ಡಬ್ಬಾ ಒಟ್ಟಾಗಿ ಬಾಗಿ ನೋಡಿತು.

"ಇಲ್ಲೇ ನೋಡ್ರಿ ಆ ಚಪ್ಪಲಿ ಉಳಿದದ್ದು," ಎಂದಳು. ಎಲ್ಲರಿಗೂ ಗೊತ್ತಿದ್ದ ಕಥೆ, ಆದರೂ ಕಾದರು. ಅವಳ ದನಿ ಸ್ವಲ್ಪ ಇಳಿಯಿತು. "ಬ್ಯಾರೆ ಯಾರರ ಆಗಿದ್ರ ಚಪ್ಪಲಿ ಹುಡುಕಾಕ ಇಳೀತಿದ್ರು. ಇವ್ರು ಒಂದ ಕಾಲಾಗ ಫೋರ್ಟಿನ ತನಕ ಬಂದ್ರು. ಅವತ್ತೇ ಮನಸಿನಾಗ ಹೂಂ ಅಂದ್ಬಿಟ್ಟೆ."

ಜಾಲರಿಯ ಈಚೆ ದೇವಾನಂದ ಕಣ್ಣಿಗೆ ಕಸ ಬಿತ್ತೆಂದು ಖಂಡಪ್ಪನಿಗೆ ಹೇಳಿದ.

ವಿಟಿಯಲ್ಲಿ ಇಳಿದಾಗ ಇಂದ್ರಾಬಾಯಿ ಪೇಡೆಯ ಡಬ್ಬಿ ಹಿಡಿದು ಪ್ಲಾಟ್‌ಫಾರ್ಮಿನಲ್ಲಿದ್ದರು. ಭುವನೇಶ್ವರಿ "ಇವ್ರು ನಮ್ಮ..." ಎಂದು ಶುರುಮಾಡಿದಳು, ಮುಗಿಸುವ ಅಗತ್ಯ ಬೀಳಲಿಲ್ಲ. ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಅವನ ಕಾಲು ನೋಡಿದರು. ಹಿಂದೆ ನಿಂತಿದ್ದ ಖಂಡಪ್ಪನೂ ನೋಡಿದ, ನೋಡಿ ತಲೆಗೆ ಕೈ ಹಚ್ಚಿಕೊಂಡ.

ಬೂಟುಗಳು ಹೊಳೆಯುತ್ತಿದ್ದವು. ಆದರೆ ಆ ಜನಸಮೂಹದ ಎದುರು ದೇವಾನಂದನಿಗೆ ತಾನು ಬರಿಗಾಲಲ್ಲಿ ನಿಂತಂತೆಯೇ ಅನ್ನಿಸಿತು.

ಆ ಸಂಜೆ ಗ್ರಾಂಟ್ ರೋಡಿನ ಖೋಲಿಯಲ್ಲಿ ಅವನು ಹೆಂಡತಿಗೆ ಕುರ್ಚಿ ಕೊಟ್ಟು, ತಾನು ನಿಂತುಕೊಂಡೇ ಹೇಳಿದ:

"ನಾಳೆ ಶಿವಪುತ್ರಗ ಇಲ್ಲ ಅಂತ ಹೇಳ್ತೀನಿ. ನಾವು ಕಲ್ಯಾಣಕ್ಕ ಹೋಗೂಣು."

"ಯಾಕ್ರಿ?"

ಕಾರಣ ಹೇಳಿದರೆ ಅವಳು ಮತ್ತೆ ಬಾಯಿ ಮುಚ್ಚಿಬಿಟ್ಟಾಳೆಂದು ಅವನಿಗೆ ಭಯ. "ನನಗ ಕುಂತು ನಿದ್ದಿ ಬರಂಗಿಲ್ಲ, ಮಲಗಿ ನಿದ್ದಿ ಬರಂಗಿಲ್ಲ," ಎಂದ. "ನನ್ನ ನಿದ್ದಿ ಎಲ್ಲಾ ಗಾಡಿಯಾಗ ಐತಿ."

ಭುವನೇಶ್ವರಿ ತುಟಿಯ ಕೊನೆಯಲ್ಲಿ ಸಣ್ಣಗೆ ನಕ್ಕಳು. ಈ ನಿದ್ದೆಯ ಮಾತು ಇನ್ನು ಲೇಡೀಸ್ ಡಬ್ಬಾ ಸೇರುವುದು ಖಚಿತವೆಂದು ದೇವಾನಂದನಿಗೆ ಗೊತ್ತಾಯಿತು. ಸೇರಿತು ಕೂಡ. ಕಲ್ಯಾಣಕ್ಕೆ ಮರಳಿದ ಮೊದಲ ಮುಂಜಾನೆಯೇ ಅದಕ್ಕೆ ಡೊಂಬಿವಲಿ ದಾಟುವ ತನಕ ನಗು ಬಿತ್ತು. ಈಗ ಭುವನೇಶ್ವರಿ ಜಾಲರಿಯ ಕಡೆ ಮುಖ ಮಾಡಿ, ಮೊದಲಿಗಿಂತ ತುಸು ಗಟ್ಟಿಯಾಗಿಯೇ ಹೇಳುತ್ತಾಳೆಂದು ಖಂಡಪ್ಪನ ಅಂಬೋಣ.

ದೇವಾನಂದ ಈಗ ಕಲ್ಯಾಣದಲ್ಲಿದ್ದಾನೆ. ದಿನಾ ಮುಂಜಾನೆ ಬೂಟು ಹಾಕಿಕೊಂಡು, ಲೇಡೀಸ್ ಡಬ್ಬಾದ ಪಕ್ಕದ ಡಬ್ಬಾ ಹತ್ತಿ, ಜಾಲರಿಗೆ ಬೆನ್ನು ಕೊಟ್ಟು ನಿಂತು ಫೋರ್ಟಿಗೆ ಕೆಲಸಕ್ಕೆ ಹೋಗುತ್ತಾನೆ.